ಪಕ್ಕದ ಮನೆಯ ಪತ್ರಿಕೆ, ನಮ್ಮ ಮನೆಯ ಲೇಖನಿ

(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)





ವಿದೇಶದ ಬದುಕು ಮತ್ತು ಅಲ್ಲಿನ ಮಾಧ್ಯಮಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ನಮ್ಮ ಊರುಗಳಲ್ಲಿ ವಿದೇಶ ಎಂದ ಕೂಡಲೇ ಎಲ್ಲರ ಮನಸ್ಸು ಪಶ್ಚಿಮಕ್ಕೆ, ಕೊಲ್ಲಿ ರಾಷ್ಟ್ರಗಳ ಕಡೆಗೆ ಹೋಗುತ್ತದೆ. ಅದು ಸಹಜ. ಪ್ರತಿ ಮೊಹಲ್ಲಾದಲ್ಲೂ ದುಬೈ, ಜಿದ್ದಾ, ಜುಬೈಲ್‌ಗಳಲ್ಲಿ ದುಡಿದವರಿದ್ದಾರೆ. ಆದರೆ ನಾನು ಇಂದು ನಿಮ್ಮನ್ನು ಪೂರ್ವ ದಿಕ್ಕಿಗೆ, ನಾನು ಕೆಲವು ವರ್ಷ ಕೆಲಸ ಮಾಡಿದ ಸಿಂಗಾಪುರಕ್ಕೆ ಕರೆದೊಯ್ಯಲು ಬಯಸುತ್ತೇನೆ. ಅಲ್ಲಿನ ಎತ್ತರದ ಕಟ್ಟಡಗಳನ್ನೂ ಸ್ವಚ್ಛ ರಸ್ತೆಗಳನ್ನೂ ವರ್ಣಿಸುವುದು ನನ್ನ ಉದ್ದೇಶವಲ್ಲ. ಆ ಊರಿನ ಜನ ಏನು ಓದುತ್ತಾರೆ, ಏನು ಕೇಳುತ್ತಾರೆ, ಏನು ನೋಡುತ್ತಾರೆ ಎಂಬುದರಲ್ಲಿ ನಮ್ಮಂತಹ ಒಂದು ಸಮುದಾಯಕ್ಕೆ ಪಾಠಗಳಿವೆ. ಅವುಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಸಿಂಗಾಪುರ ಎಷ್ಟು ದೊಡ್ಡದು? ಸುಮಾರು 730 ಚದರ ಕಿಲೋಮೀಟರ್. ನಮ್ಮ ಒಂದು ತಾಲೂಕಿನಷ್ಟು ಜಾಗ. ಅದರಲ್ಲಿ ಸುಮಾರು 60 ಲಕ್ಷ ಜನ. ಚೀನೀಯರು ಬಹುಸಂಖ್ಯಾತರು, ನಂತರ ಮಲಯರು, ಆಮೇಲೆ ಭಾರತೀಯ ಮೂಲದವರು. ಅಧಿಕೃತ ಭಾಷೆಗಳು ನಾಲ್ಕು: ಮಲಯ್, ಮ್ಯಾಂಡರಿನ್ ಚೀನೀ, ತಮಿಳು ಮತ್ತು ಇಂಗ್ಲಿಷ್. 2020ರ ಜನಗಣತಿಯ ಪ್ರಕಾರ ಅಲ್ಲಿನ 15 ವರ್ಷ ಮೇಲ್ಪಟ್ಟ ನಿವಾಸಿಗಳಲ್ಲಿ ಮುಸ್ಲಿಮರು ಶೇಕಡಾ 15.6. ನಮ್ಮ ಕರ್ನಾಟಕದಲ್ಲಿ 2011ರ ಜನಗಣತಿಯಂತೆ ಮುಸ್ಲಿಮರು ಶೇಕಡಾ 12.9. ಎರಡು ಅಂಕಿಗಳಲ್ಲಿ ಹೆಚ್ಚು ಅಂತರವಿಲ್ಲ. ಅಲ್ಲಿಯೂ ನಮ್ಮವರು ಬಹುಸಂಖ್ಯಾತರ ನಡುವೆ, ಹಲವು ಭಾಷೆಗಳ ನಡುವೆ, ತಮ್ಮ ದೀನ್ ಮತ್ತು ತಮ್ಮ ಮನೆಮಾತು ಎರಡನ್ನೂ ಉಳಿಸಿಕೊಂಡು ಬಾಳಬೇಕಾದವರೇ. ಆದುದರಿಂದಲೇ ಆ ಊರಿನ ಅನುಭವ ನಮಗೆ ದೂರದ್ದಲ್ಲ.

ಸ್ನೇಹಿತರೇ, ಆ ಊರಿನ ಒಂದು ಪತ್ರಿಕೆ ಅಂಗಡಿಯ ಮುಂದೆ ನಿಂತಿದ್ದೀರಿ ಎಂದು ಭಾವಿಸಿ. 1845ರಿಂದ ಬರುತ್ತಿರುವ ಇಂಗ್ಲಿಷಿನ 'ಸ್ಟ್ರೈಟ್ಸ್ ಟೈಮ್ಸ್', 1957ರಲ್ಲಿ ಆರಂಭವಾದ ಮಲಯ್ ಭಾಷೆಯ 'ಬೆರಿತ ಹರಿಯಾನ್', 1935ರಲ್ಲಿ ಹುಟ್ಟಿದ ತಮಿಳಿನ 'ತಮಿಳ್ ಮುರಸು', ಅವುಗಳ ಪಕ್ಕದಲ್ಲಿ ಚೀನೀ ಪತ್ರಿಕೆಗಳು. ಒಂದೇ ಊರು, ಒಂದೇ ದಿನ. ಆದರೆ ಮುಖಪುಟಗಳು ಒಂದೇ ಅಲ್ಲ. ಒಂದಕ್ಕೆ ಹಜ್ ಯಾತ್ರಿಕರ ಸುದ್ದಿ ಮುಖ್ಯ, ಇನ್ನೊಂದಕ್ಕೆ ತಮಿಳುನಾಡಿನ ಸುದ್ದಿ, ಮತ್ತೊಂದಕ್ಕೆ ಚೀನಾದ ವ್ಯಾಪಾರ. ಇವುಗಳಲ್ಲಿ ಒಂದನ್ನು ಮಾತ್ರ ಓದುವವನಿಗೆ ತನ್ನ ಊರಿನ ಒಂದು ಕೋಣೆ ಮಾತ್ರ ಕಾಣಿಸುತ್ತದೆ. ಎರಡನ್ನು ಓದುವವನಿಗೆ ಪಕ್ಕದ ಮನೆಯವನು ಯಾವ ಚಿಂತೆಯಲ್ಲಿದ್ದಾನೆ ಎಂಬುದೂ ತಿಳಿಯುತ್ತದೆ.

ಮಲಯ್ ಭಾಷೆ ನನಗೆ ಹೊಸದು. ಆದರೆ ಅಕ್ಷರ ಕೂಡಿಸಿ ಓದತೊಡಗಿದಾಗ ಆಶ್ಚರ್ಯ ಕಾದಿತ್ತು. ಅವರ 'ಬಹಾಸ' ನಮ್ಮ ಭಾಷೆ. ಅವರ 'ಗುರು' ನಮ್ಮ ಗುರು. ಅವರ 'ಸೌದಾರ' ನಮ್ಮ ಸಹೋದರ. ಅವರು ಉಪವಾಸಕ್ಕೆ 'ಪುವಾಸ' ಎನ್ನುತ್ತಾರೆ. ರಮಝಾನ್ ಅವರಿಗೆ ಪುವಾಸದ ತಿಂಗಳು. ಅವರ ಟಿವಿ ವಾಹಿನಿಯ ಹೆಸರು 'ಸೂರಿಯ', ರೇಡಿಯೋದ ಹೆಸರು 'ವರ್ನ', ಅಂದರೆ ನಮ್ಮ ಸೂರ್ಯ ಮತ್ತು ವರ್ಣ. ಊರಿನ ಹೆಸರೇ ಸಿಂಹಪುರ. ಇದರ ಜೊತೆಯಲ್ಲಿಯೇ ಕಿತಾಬ್, ದುನಿಯಾ, ವಕ್ತು, ಅಖ್ಬಾರ್ ಮುಂತಾದ ಅರಬಿ ಪದಗಳೂ ಬೆರೆತಿವೆ. ಸಂಸ್ಕೃತದ ಪದ ಬಳಸಿದ್ದರಿಂದ ಅವರ ಇಸ್ಲಾಮಿಗೆ ಕುಂದು ಬಂದಿಲ್ಲ, ಅರಬಿಯ ಪದ ಬಳಸಿದ್ದರಿಂದ ಅವರ ಮಲಯತನಕ್ಕೂ ಕುಂದು ಬಂದಿಲ್ಲ. ಮುಸ್ಲಿಮನ ಭಾಷೆ ಇಂಥದ್ದೇ ಆಗಿರಬೇಕು ಎಂದು ನಮ್ಮಲ್ಲಿ ವಾದ ಮಾಡುವವರು ಈ ಭಾಷೆಯನ್ನು ಒಮ್ಮೆ ನೋಡಬೇಕು.

ಈಗ ಸ್ವಲ್ಪ ಇತಿಹಾಸಕ್ಕೆ ಬರೋಣ. ಸಿಂಗಾಪುರದಲ್ಲಿ ಮಲಯ್ ಭಾಷೆಯ ಮೊದಲ ಪತ್ರಿಕೆಯನ್ನು ಆರಂಭಿಸಿದವರು ಯಾರು ಗೊತ್ತೇ? ನಮ್ಮ ದೇಶದ ಮೂಲದವರು! ಭಾರತೀಯ ಮುಸ್ಲಿಂ ವ್ಯಾಪಾರಿಗಳು ಅಲ್ಲಿಗೆ ಹೋಗಿ, ಮಲಯ್ ಹೆಣ್ಣುಮಕ್ಕಳನ್ನು ಮದುವೆಯಾಗಿ, ಅಲ್ಲಿಯೇ ನೆಲೆಸಿದರು. ಅವರ ಮಕ್ಕಳನ್ನು 'ಜಾವಿ ಪೆರನಾಕನ್' ಎಂದು ಕರೆಯುತ್ತಿದ್ದರು. 1876ರಲ್ಲಿ ಅವರು ತಮ್ಮದೇ ಹೆಸರಿನಲ್ಲಿ 'ಜಾವಿ ಪೆರನಾಕನ್' ಎಂಬ ವಾರಪತ್ರಿಕೆ ಹೊರಡಿಸಿದರು. ಅರಬಿ ಲಿಪಿಯಲ್ಲಿ ಬರೆಯುವ ಮಲಯ್ ಭಾಷೆಗೆ ಜಾವಿ ಎಂದೇ ಹೆಸರು. ಮೊಹಮ್ಮದ್ ಸಯೀದ್ ಬಿನ್ ದಾದಾ ಮುಹಿಯುದ್ದೀನ್ ಎಂಬವರು ಅದರ ಸಂಪಾದಕರಾಗಿದ್ದರು. 1895ರವರೆಗೂ ಆ ಪತ್ರಿಕೆ ನಡೆಯಿತು. 1887ರಲ್ಲಿ ಮಖ್ದೂಮ್ ಸಾಹಿಬ್ ಎಂಬ ತಮಿಳು ಮುಸ್ಲಿಮರು 'ಸಿಂಗೈ ನೇಸನ್' ಎಂಬ ತಮಿಳು ವಾರಪತ್ರಿಕೆ ತಂದರು. 1906ರಲ್ಲಿ ಕೈರೋದ 'ಅಲ್ ಮನಾರ್' ಪತ್ರಿಕೆಯ ಪ್ರಭಾವದಿಂದ 'ಅಲ್ ಇಮಾಮ್' ಎಂಬ ಮಾಸಿಕ ಸಿಂಗಾಪುರದಿಂದ ಹೊರಟಿತು. ಮದ್ರಸಗಳ ಸುಧಾರಣೆ, ಶಿಕ್ಷಣ, ಸಮುದಾಯದ ಆಲಸ್ಯ, ಇವೆಲ್ಲ ಅದರ ವಿಷಯಗಳು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ!

ಆಲೋಚಿಸಿ ನೋಡಿ. ಹೊಟ್ಟೆಪಾಡಿಗಾಗಿ ಸಮುದ್ರ ದಾಟಿದವರು ಅವರು. ಅಂಗಡಿ, ದೋಣಿ, ಜವಳಿ, ಇದು ಅವರ ಪ್ರಪಂಚ. ಆದರೂ ತಮ್ಮ ಮಾತನ್ನು ಅಚ್ಚಿನಲ್ಲಿ ಕಾಣಬೇಕೆಂಬ ಹಂಬಲ ಅವರಿಗಿತ್ತು. ನಾವೂ ಸಮುದ್ರ ದಾಟುವವರೇ. ಮನೆ ಕಟ್ಟಿಸಿದೆವು, ಮಸೀದಿ ಕಟ್ಟಿಸಿದೆವು, ಅಲ್ಹಮ್ದುಲಿಲ್ಲಾಹ್, ಶಾಲೆಗಳನ್ನೂ ಕಟ್ಟಿಸಿದೆವು. ಆದರೆ ನಮ್ಮ ಊರಿನ, ನಮ್ಮ ಜನರ ಕಥೆಯನ್ನು ಬರೆದಿಟ್ಟವರು ಎಷ್ಟು ಮಂದಿ?

ಇನ್ನೊಂದು ಉದಾಹರಣೆ ಕೊಡುತ್ತೇನೆ. ಆರಂಭದ ಮಲಯ್ ಪತ್ರಿಕೆಗಳಲ್ಲಿ ಹೆಚ್ಚಿನವು ಅರಬ್ ಅಥವಾ ಭಾರತೀಯ ಮೂಲದ ಮುಸ್ಲಿಮರ ಒಡೆತನದಲ್ಲಿದ್ದವು. ಮಲಯರಿಗೆ ತಮ್ಮದೇ ಹಣದಿಂದ, ತಮ್ಮವರೇ ನಡೆಸುವ ಪತ್ರಿಕೆಯೊಂದು ಬೇಕೆನಿಸಿತು. ಸಾಮಾನ್ಯ ಜನರಿಂದ ಷೇರು ಹಣ ಕೂಡಿಸಿ 1939ರಲ್ಲಿ 'ಉತುಸಾನ್ ಮೆಲಾಯು' ಎಂಬ ದಿನಪತ್ರಿಕೆಯನ್ನು ಆರಂಭಿಸಿದರು. ಅದರ ಸ್ಥಾಪಕರಲ್ಲಿ ಒಬ್ಬರು ಯೂಸುಫ್ ಇಸ್‌ಹಾಕ್. ವೃತ್ತಿಯಿಂದ ಪತ್ರಕರ್ತರು. 1965ರಲ್ಲಿ ಸಿಂಗಾಪುರ ಸ್ವತಂತ್ರ ರಾಷ್ಟ್ರವಾದಾಗ ಅದರ ಮೊದಲ ರಾಷ್ಟ್ರಪತಿಯಾದವರು ಇವರೇ. 1970ರಲ್ಲಿ ನಿಧನರಾಗುವವರೆಗೂ ಆ ಸ್ಥಾನದಲ್ಲಿದ್ದರು. 1999ರಲ್ಲಿ ಬಂದ ನೋಟುಗಳ ಮೇಲೆ ಅವರ ಭಾವಚಿತ್ರವೇ ಇದೆ. ಚೀನೀಯರು ಬಹುಸಂಖ್ಯಾತರಾಗಿರುವ ದೇಶದಲ್ಲಿ ಪ್ರತಿಯೊಬ್ಬರ ಜೇಬಿನಲ್ಲೂ ಒಬ್ಬ ಮುಸ್ಲಿಂ ಪತ್ರಿಕಾ ಸಂಪಾದಕರ ಮುಖ! ಲೇಖನಿ ಹಿಡಿದರೆ ಹೊಟ್ಟೆ ತುಂಬುವುದಿಲ್ಲ ಎಂದು ಮಕ್ಕಳಿಗೆ ಹೇಳುವ ತಂದೆತಾಯಂದಿರು ಆ ನೋಟನ್ನು ಒಮ್ಮೆ ಕಣ್ಣಾರೆ ನೋಡಬೇಕು.

ವಿದ್ಯಾರ್ಥಿಗಳೇ, ಪತ್ರಿಕೆಯ ಶಕ್ತಿಯನ್ನು ಹೇಳುವಾಗ ಅದು ಸುಡಬಲ್ಲದು ಎಂಬುದನ್ನೂ ಹೇಳಬೇಕು. ಅದೇ ಸಿಂಗಾಪುರದಲ್ಲಿ 1950ರ ಡಿಸೆಂಬರಿನಲ್ಲಿ ಒಂದು ದೊಡ್ಡ ಗಲಭೆ ನಡೆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಾವಾದ ಡಚ್ ಕುಟುಂಬವೊಂದರ ಮಗು ಮರಿಯಾ ಹೆರ್ಟೋಗ್, ಅಮೀನಾ ಎಂಬ ಮಲಯ್ ಮಹಿಳೆಯ ಮಡಿಲಲ್ಲಿ ಬೆಳೆಯಿತು. ನಾದಿರಾ ಎಂಬ ಹೆಸರಿನಲ್ಲಿ ಮುಸ್ಲಿಮಳಾಗಿ ಬೆಳೆದ ಆ ಹುಡುಗಿಯನ್ನು ಹೆತ್ತವರಿಗೆ ಒಪ್ಪಿಸಬೇಕೆಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಅವಳನ್ನು ಒಂದು ಕ್ರೈಸ್ತ ಕಾನ್ವೆಂಟಿನಲ್ಲಿ ಇರಿಸಿದರು. ಪತ್ರಿಕೆಯವರು ಅಲ್ಲಿಗೆ ಹೋಗಿ ಸನ್ಯಾಸಿನಿಯರ ಜೊತೆಯಲ್ಲಿ, ಪ್ರತಿಮೆಯ ಮುಂದೆ ಅವಳ ಫೋಟೋ ತೆಗೆದು ಅಚ್ಚು ಹಾಕಿದರು. ಆ ಚಿತ್ರಗಳು ಮುಸ್ಲಿಮರ ಮನಸ್ಸಿಗೆ ಚುಚ್ಚಿದವು. ಮುಸ್ಲಿಂ ಪತ್ರಿಕೆಗಳಲ್ಲಿ ಬಂದ ಉರಿಯುವ ಮಾತುಗಳು ಅದಕ್ಕೆ ಎಣ್ಣೆ ಸುರಿದವು. ಡಿಸೆಂಬರ್ 11ರಂದು ಆರಂಭವಾದ ಗಲಭೆಯಲ್ಲಿ 18 ಮಂದಿ ಸತ್ತರು, 173 ಮಂದಿ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರಿಗೆ ಆ ಹುಡುಗಿಯ ಮುಖ ಪರಿಚಯವೂ ಇದ್ದಿರಲಾರದು, ಪತ್ರಿಕೆಯಲ್ಲಿ ಕಂಡದ್ದನ್ನು ಬಿಟ್ಟರೆ.

ಆ ಕಾಲದಲ್ಲಿ ಒಂದು ಫೋಟೋ ಊರಿಗೆ ಹರಡಲು ಅಚ್ಚಿನ ಯಂತ್ರ, ಕಾಗದ, ಹಂಚುವ ಹುಡುಗರು, ಒಂದು ರಾತ್ರಿಯ ಸಮಯ ಬೇಕಿತ್ತು. ಇಂದು ನಿಮ್ಮ ಹೆಬ್ಬೆರಳು ಸಾಕು. ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಿ ಅಮಾಯಕರಿಗೆ ಕೇಡು ಮಾಡಬಾರದೆಂದು ಸೂರತುಲ್ ಹುಜುರಾತ್ ನಮಗೆ ಎಚ್ಚರಿಕೆ ಕೊಟ್ಟಿದೆ. ನಾವು ಅದನ್ನು ಮದ್ರಸದಲ್ಲಿ ಓದಿದ್ದೇವೆ, ಜುಮಾದ ಬಯಾನಿನಲ್ಲಿ ಕೇಳಿದ್ದೇವೆ. ಹೊರಗೆ ಬಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಮೊಬೈಲ್ ತೆಗೆದು, ಎಲ್ಲಿಯದೋ ವೀಡಿಯೋವನ್ನು ನಮ್ಮ ಊರಿನದೆಂದು ಐದು ಗುಂಪುಗಳಿಗೆ ಕಳಿಸುತ್ತೇವೆ. ನಮ್ಮ ಬಗ್ಗೆ ಇತರರು ಸುಳ್ಳು ಹಬ್ಬಿಸುತ್ತಾರೆ ಎಂಬ ದೂರು ನಮ್ಮದು. ಆ ದೂರು ಸತ್ಯ. ಆದರೆ ನಮ್ಮ ಕೈಯಿಂದ ಹೊರಟ ಸುದ್ದಿಯ ಬಗ್ಗೆಯೂ ಅಲ್ಲಾಹನ ಮುಂದೆ ಉತ್ತರ ಕೊಡಬೇಕಾಗಿದೆ. ಸ್ವಂತ ಪತ್ರಿಕೆ ಬೇಕು ಎಂದು ಹೇಳುವವನು ಈ ಹೊಣೆಯನ್ನೂ ಹೊರಬೇಕು.

ಹಾಗೆಂದು ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ನೀವು ಭಾವಿಸಬಾರದು. ಸಿಂಗಾಪುರದಲ್ಲಿ ಪತ್ರಿಕೆಗಳ ಮೇಲೆ ಸರಕಾರದ ಹಿಡಿತ ಬಿಗಿ. 1974ರ ಕಾನೂನಿನಂತೆ ಪತ್ರಿಕೆ ನಡೆಸಲು ಪರವಾನಗಿ ಬೇಕು. ಸುಳ್ಳು ಸುದ್ದಿಯ ವಿರುದ್ಧ 2019ರಲ್ಲಿ ತಂದ ಕಾನೂನಿನ ಬಗ್ಗೆಯೂ ಬಹಳ ಟೀಕೆಗಳಿವೆ. ಯಾವುದು ಸುಳ್ಳು ಎಂದು ಮಂತ್ರಿಗಳೇ ತೀರ್ಮಾನಿಸಿದರೆ ಪ್ರಶ್ನೆ ಕೇಳುವವರು ಯಾರು ಎಂಬುದು ಟೀಕಾಕಾರರ ಮಾತು. ನಮ್ಮ ಸಂವಿಧಾನ ನಮಗೆ ಕೊಟ್ಟಿರುವ ಮಾತಿನ ಸ್ವಾತಂತ್ರ್ಯ ದೊಡ್ಡದು. ಇಷ್ಟು ಸ್ವಾತಂತ್ರ್ಯವಿರುವ ನಾವು ಅದನ್ನು ಎಷ್ಟು ಬಳಸಿಕೊಂಡಿದ್ದೇವೆ ಎಂಬುದು ನನ್ನ ಪ್ರಶ್ನೆ.

ಹೊಂದಾಣಿಕೆಯ ವಿಷಯದಲ್ಲಿ ರೇಡಿಯೋದ ಒಂದು ಸಂಗತಿ ನಿಮಗೆ ಹೇಳಲೇಬೇಕು. 1970ರ ದಶಕದಲ್ಲಿ ಸರಕಾರ ಹಳೆಯ ಹಳ್ಳಿಗಳನ್ನು ತೆಗೆದು ಬಹುಮಹಡಿ ವಸತಿಗಳನ್ನು ಕಟ್ಟಿತು. ಒಂದೇ ಕಟ್ಟಡದಲ್ಲಿ ಚೀನೀ, ಮಲಯ್, ತಮಿಳು ಕುಟುಂಬಗಳು ಅಕ್ಕಪಕ್ಕ ಬಂದವು. ಮಸೀದಿಯ ಧ್ವನಿವರ್ಧಕಗಳನ್ನು ಒಳಮುಖವಾಗಿ ತಿರುಗಿಸಬೇಕೆಂಬ ಮಾತು ಬಂತು. ಆಗ ಐದು ಹೊತ್ತಿನ ಅಝಾನನ್ನು ರೇಡಿಯೋದಲ್ಲಿ ಪ್ರಸಾರ ಮಾಡುವ ವ್ಯವಸ್ಥೆಯಾಯಿತು. ರಮಝಾನಿನಲ್ಲಿ ಮಗ್ರಿಬ್ ಸಮಯಕ್ಕೆ ಮಲಯ್ ಮನೆಗಳಲ್ಲಿ ಖರ್ಜೂರ ಮುಂದಿಟ್ಟುಕೊಂಡು ರೇಡಿಯೋದ ಹತ್ತಿರ ಕುಳಿತಿರುತ್ತಾರೆ. ಅದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ಅವರ ಪರಿಸ್ಥಿತಿ ಬೇರೆ, ನಮ್ಮದು ಬೇರೆ. ನೀವು ಗಮನಿಸಬೇಕಾದದ್ದು ಇಷ್ಟೇ: ಒಂದು ಬಾಗಿಲು ಕಿರಿದಾದಾಗ ಅವರು ಮಾಧ್ಯಮದಲ್ಲಿ ಇನ್ನೊಂದು ಬಾಗಿಲನ್ನು ಕೇಳಿ ಪಡೆದುಕೊಂಡರು.

ಇನ್ನು ಸಿನಿಮಾ, ಟಿವಿಗಳ ವಿಷಯ. ಇವುಗಳ ಬಗ್ಗೆ ನಮ್ಮಲ್ಲಿ ಹಲವರಿಗೆ ಆಕ್ಷೇಪಗಳಿವೆ. ಆದರೆ ಸಂಸ್ಕೃತಿಯ ಬಗ್ಗೆ ಮಾತಾಡುವಾಗ ಅವುಗಳನ್ನು ಬಿಟ್ಟು ಹೋಗಲಾಗದು. ಸಿಂಗಾಪುರದ ಜಲಾನ್ ಅಂಪಾಸ್ ಎಂಬ ಬೀದಿಯಲ್ಲಿ 1947ರಿಂದ 1967ರವರೆಗೆ ಮಲಯ್ ಚಿತ್ರಗಳನ್ನು ತಯಾರಿಸುವ ಸ್ಟುಡಿಯೋ ಇತ್ತು. ಹಣ ಹಾಕಿದವರು ಚೀನೀ ಸಹೋದರರು. ಆರಂಭದ ನಿರ್ದೇಶಕರಲ್ಲಿ ಅನೇಕರು ಭಾರತದಿಂದ ಹೋದವರು. ನಟಿಸಿದವರು, ಹಾಡಿದವರು ಮಲಯ್ ಮುಸ್ಲಿಮರು. ಅಲ್ಲಿ ಬೆಳೆದ ಕಲಾವಿದ ಪಿ. ರಮ್ಲಿ. ಮೊದಲು ಹಾಡುತ್ತಿದ್ದರು, ನಂತರ ನಟಿಸಿದರು. 1955ರಲ್ಲಿ ಸೈಕಲ್ ರಿಕ್ಷಾ ತುಳಿಯುವವನ ಬದುಕಿನ ಬಗ್ಗೆ ತಾವೇ ಚಿತ್ರ ನಿರ್ದೇಶಿಸಿದರು. ಅಲ್ಲಿಯವರೆಗೆ ಹೆಚ್ಚಾಗಿ ಬೇರೆಯವರು ಹೇಳಿಕೊಟ್ಟ ಕಥೆಯಲ್ಲಿ ಮಲಯರು ಪಾತ್ರಧಾರಿಗಳು. ಆ ನಂತರ ತಮ್ಮ ಕಂಪೌಂಗ್‌ನ, ಅಂದರೆ ತಮ್ಮ ಹಳ್ಳಿಯ, ಬಡತನವನ್ನೂ ನಗುವನ್ನೂ ತಾವೇ ಹೇಳಿದರು. ನಮ್ಮ ಭಾರತೀಯ ಸಿನಿಮಾ ಧಾರಾವಾಹಿಗಳಲ್ಲಿ ಮುಸ್ಲಿಮನೆಂದರೆ ಒಂದೋ ನವಾಬ, ಇಲ್ಲವೇ ಖಳ, ಇಲ್ಲವೇ ನಾಯಕನ ಪ್ರಾಣ ಉಳಿಸಿ ಸಾಯುವ ಗೆಳೆಯ. ಮೀನು ಮಾರುವ, ಪಾಠ ಹೇಳುವ, ಬ್ಯಾಂಕಿನ ಸಾಲ ಕಟ್ಟಲು ಒದ್ದಾಡುವ ಮುಸ್ಲಿಮ ಎಲ್ಲಿದ್ದಾನೆ? ಅವನನ್ನು ಬಲ್ಲವರು ನಾವು. ನಾವು ಬರೆಯದೆ ಇದ್ದರೆ ಅವನು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಲ್ಲಿನ ಟಿವಿಯ ಒಂದು ಒಳ್ಳೆಯ ಪದ್ಧತಿ ಅಡಿಬರಹ. ತಮಿಳು ಮತ್ತು ಮಲಯ್ ನಾಟಕಗಳಿಗೆ ಇಂಗ್ಲಿಷ್ ಅಡಿಬರಹ ಇರುತ್ತದೆ. ಒಂದು ಸಮುದಾಯದ ಅತ್ತೆ ಸೊಸೆ ಜಗಳವನ್ನು ಇನ್ನೊಂದು ಸಮುದಾಯದವರೂ ನೋಡಿ ನಗುತ್ತಾರೆ, ನಮ್ಮ ಮನೆಯಲ್ಲೂ ಹೀಗೆಯೇ ಎನ್ನುತ್ತಾರೆ. ಜನಾಂಗ ಬುಡಕಟ್ಟುಗಳಾಗಿ ನಮ್ಮನ್ನು ಸೃಷ್ಟಿಸಿದ್ದು ಪರಸ್ಪರ ಅರಿಯುವುದಕ್ಕಾಗಿ ಎಂದು ಕುರ್‌ಆನ್ ಕಲಿಸುತ್ತದೆ. ಅರಿಯುವ ಕೆಲಸ ಹೀಗೆ ಚಿಕ್ಕಪುಟ್ಟದ್ದರಿಂದಲೂ ಆಗುತ್ತದೆ.

ಈಗ ನನ್ನನ್ನು ಅಲ್ಲಿ ಹೆಚ್ಚು ಕಾಡಿದ ವಿಷಯಕ್ಕೆ ಬರುತ್ತೇನೆ. ಅದು ಮನೆಮಾತು. ಸಿಂಗಾಪುರದ ಚೀನೀಯರೆಲ್ಲ ಮೊದಲು ಒಂದೇ ಭಾಷೆ ಆಡುತ್ತಿರಲಿಲ್ಲ. ಹೊಕ್ಕಿಯೆನ್, ಟಿಯೋಚ್ಯೂ, ಕ್ಯಾಂಟೊನೀಸ್ ಹೀಗೆ ಹಲವು ಮನೆಮಾತುಗಳು. ಬಾಡಿಗೆ ಕಟ್ಟಿ ತಂತಿಯ ಮೂಲಕ ಕೇಳುವ ರೆಡಿಫ್ಯೂಷನ್ ಎಂಬ ರೇಡಿಯೋ ವ್ಯವಸ್ಥೆ 1949ರಲ್ಲಿ ಬಂತು. ಅದರಲ್ಲಿ ಲೀ ದೈ ಸೋರ್ ಎಂಬ ಕಥೆಗಾರರು ಕ್ಯಾಂಟೊನೀಸ್ ಭಾಷೆಯಲ್ಲಿ ಕಥೆ ಹೇಳುತ್ತಿದ್ದರು. ಅವರ ಧ್ವನಿಯನ್ನು ಕಾಯುತ್ತಿದ್ದ ಕೇಳುಗರಿಗೆ ಲೆಕ್ಕವಿರಲಿಲ್ಲ. 1979ರಲ್ಲಿ ಸರಕಾರ ಎಲ್ಲ ಚೀನೀಯರೂ ಮ್ಯಾಂಡರಿನ್ ಆಡಬೇಕೆಂಬ ಅಭಿಯಾನ ಆರಂಭಿಸಿತು. ರೇಡಿಯೋ, ಟಿವಿಗಳಿಂದ ಉಳಿದ ಮನೆಮಾತುಗಳು ಒಂದೊಂದಾಗಿ ಮರೆಯಾದವು. 1982ರಲ್ಲಿ ಆ ಕಥೆಗಾರರ ಕಾರ್ಯಕ್ರಮವೂ ನಿಂತಿತು. 2020ರ ಜನಗಣತಿಯಲ್ಲಿ ಚೀನೀ ಮನೆಮಾತುಗಳನ್ನು ಮನೆಯಲ್ಲಿ ಹೆಚ್ಚಾಗಿ ಆಡುವವರು ಶೇಕಡಾ 8.7 ಮಾತ್ರ. ಇಂಗ್ಲಿಷ್ ಆಡುವವರು ಶೇಕಡಾ 48.3. ಅಜ್ಜಿಗೆ ಮೊಮ್ಮಗನ ಮಾತು ತಿಳಿಯುವುದಿಲ್ಲ, ಮೊಮ್ಮಗನಿಗೆ ಅಜ್ಜಿಯ ಮಾತು ತಿಳಿಯುವುದಿಲ್ಲ. ಒಂದೇ ಮೇಜಿನಲ್ಲಿ ಕುಳಿತು ಊಟ ಮಾಡುತ್ತಾರೆ, ನಡುವೆ ಅನುವಾದಕಿಯಾಗಿ ತಾಯಿ ಇರಬೇಕಾಗುತ್ತದೆ. ಇದನ್ನು ನಾನು ಒಂದಲ್ಲ, ಹಲವು ಮನೆಗಳಲ್ಲಿ ಕಂಡಿದ್ದೇನೆ.

ಅಲ್ಲಿಗೆ ಹೋದ ನಮ್ಮವರ ಮಕ್ಕಳ ಸ್ಥಿತಿಯೂ ಭಿನ್ನವಲ್ಲ. ಶಾಲೆಯಲ್ಲಿ ಮಾತೃಭಾಷೆಯಾಗಿ ತಮಿಳಲ್ಲದೆ ಹಿಂದಿ, ಉರ್ದು, ಬಂಗಾಳಿ, ಗುಜರಾತಿ, ಪಂಜಾಬಿಗಳನ್ನು ಕಲಿಯುವ ಅವಕಾಶವಿದೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಬ್ಯಾರಿ, ನವಾಯತಿಗಳ ಮಾತೇ ಬೇಡ. ಹೀಗಾಗಿ ಮಂಗಳೂರಿನ ಮನೆಯ ಮಗು ಶಾಲೆಯಲ್ಲಿ ಹಿಂದಿ ಕಲಿಯುತ್ತದೆ, ಗೆಳೆಯರೊಡನೆ ಇಂಗ್ಲಿಷ್ ಆಡುತ್ತದೆ, ಮದ್ರಸದಲ್ಲಿ ಮಲಯ್ ಕೇಳುತ್ತದೆ. ಊರಿನಿಂದ ಅಜ್ಜಿ ಫೋನ್ ಮಾಡಿದರೆ ಸಲಾಂ ಹೇಳಿ ಫೋನನ್ನು ತಾಯಿಯ ಕೈಗೆ ಕೊಡುತ್ತದೆ.

ಪರದೇಶದಲ್ಲಿ ಹೀಗಾದರೆ ಕಾರಣವಿದೆ. ಊರಿನಲ್ಲಿಯೇ ಹೀಗಾದರೆ? ಇಂದು ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ತಂದೆತಾಯಿ ತಮ್ಮೊಳಗೆ ಬ್ಯಾರಿಯಲ್ಲೋ ದಖ್ಖನಿಯಲ್ಲೋ ಮಾತಾಡುತ್ತಾರೆ, ಮಗುವಿನ ಕಡೆಗೆ ತಿರುಗಿ ಇಂಗ್ಲಿಷ್ ಆಡುತ್ತಾರೆ. ಕನ್ನಡ ಪತ್ರಿಕೆ ಮನೆಗೆ ಬರುವುದಿಲ್ಲ. ಉರ್ದು ಓದಲು ಬಾರದು. ಇಂಗ್ಲಿಷ್ ಪತ್ರಿಕೆ ಬಂದರೂ ಕ್ರೀಡಾ ಪುಟ ಮಾತ್ರ ತೆರೆಯುತ್ತದೆ. ಮೂರು ಭಾಷೆ ಬಲ್ಲ ಮಗು ಎಂದು ಹೆಮ್ಮೆ ಪಡುತ್ತೇವೆ. ಆದರೆ ಒಂದು ಭಾಷೆಯಲ್ಲಿಯೂ ಒಂದು ಪುಟ ನೆಟ್ಟಗೆ ಬರೆಯಲಾಗದ ಮಗು ಅದು. ಇದು ಕಹಿ ಮಾತು, ಆದರೂ ಶಿಕ್ಷಣ ಸಂಸ್ಥೆಯ ವೇದಿಕೆಯಲ್ಲಿ ಹೇಳದೆ ಇನ್ನೆಲ್ಲಿ ಹೇಳಬೇಕು?

ನಿರಾಶೆಯ ಮಾತಾಡಲು ನಾನು ಬಂದಿಲ್ಲ. ನಮ್ಮ ನಾಡಿನಲ್ಲಿಯೇ ದಾರಿ ತೋರಿಸಿದವರಿದ್ದಾರೆ. ಕಾಸರಗೋಡಿನಲ್ಲಿ ಹುಟ್ಟಿ, ಮಲಯಾಳಂ ಮನೆಮಾತಾಗಿದ್ದ ಸಾರಾ ಅಬೂಬಕ್ಕರ್ ಅವರು ಕನ್ನಡದಲ್ಲಿ ಬರೆದರು. ಅವರ 'ಚಂದ್ರಗಿರಿಯ ತೀರದಲ್ಲಿ' 1981ರಲ್ಲಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಕನ್ನಡ ಓದುಗರು ಮೊದಲ ಬಾರಿಗೆ ನಮ್ಮ ಹೆಣ್ಣುಮಕ್ಕಳ ಅಡುಗೆಮನೆಯ ಕಣ್ಣೀರನ್ನು ಹತ್ತಿರದಿಂದ ಕಂಡರು. 1978ರಲ್ಲಿ ಮಂಗಳೂರಿನಿಂದ 'ಸನ್ಮಾರ್ಗ' ವಾರಪತ್ರಿಕೆ ಆರಂಭವಾಗಿ ಇಸ್ಲಾಮಿನ ವಿಚಾರಗಳು ಕನ್ನಡದಲ್ಲಿಯೇ ಮನೆಮನೆಗೆ ತಲುಪಿದವು. ಶಿವಮೊಗ್ಗದಲ್ಲಿ ಎಂಟು ವರ್ಷದ ಒಬ್ಬ ಮುಸ್ಲಿಂ ಹುಡುಗಿಯನ್ನು, ಆರು ತಿಂಗಳೊಳಗೆ ಕನ್ನಡ ಓದು ಬರಹ ಕಲಿಯಬೇಕು ಎಂಬ ಷರತ್ತಿನ ಮೇಲೆ ಕನ್ನಡ ಶಾಲೆಗೆ ಸೇರಿಸಿಕೊಂಡರು. ಅವಳು ಕೆಲವೇ ದಿನಗಳಲ್ಲಿ ಕಲಿತಳು. ಆ ಹುಡುಗಿಯೇ ಬಾನು ಮುಷ್ತಾಕ್. ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು.

ಈ ಲೇಖಕಿಯರು ಬರೆದದ್ದೆಲ್ಲವನ್ನೂ ನೀವು ಒಪ್ಪಬೇಕೆಂದಿಲ್ಲ. ಭಿನ್ನಾಭಿಪ್ರಾಯ ಇದ್ದರೆ ಅದಕ್ಕೆ ಉತ್ತರವನ್ನೂ ಬರೆಯಿರಿ. ಬೈಗುಳಕ್ಕೆ ಓದು ಬೇಡ, ಉತ್ತರಕ್ಕೆ ಓದು ಬೇಕು. ಉತ್ತರ ಬರೆಯಲು ಕುಳಿತವನು ಎದುರಿನವರ ಪುಸ್ತಕವನ್ನು ಪೂರ್ತಿ ಓದಲೇಬೇಕಾಗುತ್ತದೆ. ಅಷ್ಟಾದರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.

ಇದೆಲ್ಲ ಮಾಡಲು ಹಣವೆಲ್ಲಿ ಎಂದು ಸದಸ್ಯರು ಕೇಳಬಹುದು. ಸಿಂಗಾಪುರದ ಕಂಪೌಂಗ್ ಗ್ಲಾಮ್‌ನಲ್ಲಿ ಸುಲ್ತಾನ್ ಮಸೀದಿ ಇದೆ. ಈಗಿರುವ ಕಟ್ಟಡ 1932ರಲ್ಲಿ ಪೂರ್ಣಗೊಂಡದ್ದು. ಅದರ ಬಂಗಾರದ ಬಣ್ಣದ ಗುಮ್ಮಟದ ಬುಡದಲ್ಲಿ ಕಪ್ಪಗೆ ಹೊಳೆಯುವ ಒಂದು ಪಟ್ಟಿ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಅವು ಗಾಜಿನ ಬಾಟಲಿಗಳ ತಳಗಳು. ಬಡ ಮುಸ್ಲಿಮರೂ ಮಸೀದಿಯ ಕೆಲಸದಲ್ಲಿ ಪಾಲು ಪಡೆಯಲಿ ಎಂದು ಅವರಿಂದ ಬಾಟಲಿಗಳನ್ನು ಪಡೆದು ಅಲ್ಲಿ ಜೋಡಿಸಿದರು. ಶ್ರೀಮಂತನ ಹಣದ ಗುಮ್ಮಟ ಬಡವನ ಬಾಟಲಿಯ ಮೇಲೆ ಕುಳಿತಿದೆ! 1975ರಲ್ಲಿ ಮಸೀದಿ ನಿರ್ಮಾಣ ನಿಧಿ ಆರಂಭವಾದಾಗ ದುಡಿಯುವ ಮುಸ್ಲಿಮರಿಂದ ತಿಂಗಳಿಗೆ ಕೂಡಿಸಿದ್ದು ತಲಾ 50 ಸೆಂಟ್. ಆ ಚಿಲ್ಲರೆಯಿಂದ 1977ರಲ್ಲಿ ತೋವಾ ಪಾಯೋದಲ್ಲಿ ಮೊದಲ ಮಸೀದಿ ಎದ್ದಿತು, ನಂತರ ಇಪ್ಪತ್ತಕ್ಕೂ ಹೆಚ್ಚು. 1982ರಲ್ಲಿ ಮುಸ್ಲಿಂ ಮಕ್ಕಳ ಶಿಕ್ಷಣಕ್ಕಾಗಿ 'ಮೆಂದಾಕಿ' ಎಂಬ ಸಂಸ್ಥೆ ಹುಟ್ಟಿತು. ಮುಂದೆ ಇದೇ ನಿಧಿಯಿಂದ ಅದಕ್ಕೂ ಪಾಲು ಬಂತು. ಕಡಿಮೆ ಶುಲ್ಕದಲ್ಲಿ ಪಾಠ ಹೇಳಿಸುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಮಸೀದಿಗೆ ಕೊಟ್ಟ ಕೈಯೇ ಶಾಲೆಗೂ ಕೊಟ್ಟಿತು.

ಅದೇ ಸುಲ್ತಾನ್ ಮಸೀದಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ರಾಷ್ಟ್ರೀಯ ಗ್ರಂಥಾಲಯವಿದೆ. 2005ರಲ್ಲಿ ತೆರೆದ 16 ಮಹಡಿಗಳ ಕಟ್ಟಡ. ನಾಲ್ಕು ಭಾಷೆಗಳ ಪುಸ್ತಕಗಳಿವೆ. ರಜಾದಿನಗಳಲ್ಲಿ ತಂದೆತಾಯಿ ಮಕ್ಕಳನ್ನು ಕರೆತಂದು ನೆಲದ ಮೇಲೆ ಕುಳ್ಳಿರಿಸಿ ಓದಿ ಹೇಳುವುದನ್ನು ಅಲ್ಲಿ ನೋಡಬಹುದು. ನಮ್ಮಲ್ಲಿ 16 ಮಹಡಿ ಬೇಡ. ಶಾಲೆಯ ಒಂದು ಕೋಣೆ ಸಾಕು.

ಆದ್ದರಿಂದ ನನ್ನ ಸಲಹೆಗಳು ಸಣ್ಣವು. ನಮ್ಮ ಪ್ರತಿ ಶಾಲೆಯಲ್ಲಿ ಮೂರು ಪತ್ರಿಕೆಗಳು ಬರಲಿ: ಒಂದು ಕನ್ನಡ, ಒಂದು ಇಂಗ್ಲಿಷ್, ಒಂದು ಉರ್ದು. ಬೆಳಗಿನ ಪ್ರಾರ್ಥನೆಯ ನಂತರ ಒಂದು ಸುದ್ದಿಯನ್ನು ಎರಡು ಪತ್ರಿಕೆಗಳು ಹೇಗೆ ಬರೆದಿವೆ ಎಂದು ಮಕ್ಕಳಿಂದ ಓದಿಸಲಿ. ಐದು ನಿಮಿಷದ ಕೆಲಸ. ಆ ಐದು ನಿಮಿಷದಲ್ಲಿ ಮಗು ಕಲಿಯುವುದನ್ನು ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ. ಪ್ರತಿ ತರಗತಿಗೆ ಒಂದು ಭಿತ್ತಿಪತ್ರಿಕೆ ಇರಲಿ. ರಜೆಯಲ್ಲಿ ಪ್ರತಿ ವಿದ್ಯಾರ್ಥಿ ತನ್ನ ಅಜ್ಜ ಅಜ್ಜಿಯರ ಬಾಯಿಯಿಂದ ಊರಿನ ಒಂದು ಸಂಗತಿಯನ್ನು ಕೇಳಿ ಬರೆದು ತರಲಿ: ಮೊದಲು ಮುಂಬೈಗೋ ಗಲ್ಫಿಗೋ ಹೋದವರು ಯಾರು, ಹಳೆಯ ಮಸೀದಿಯನ್ನು ಹೇಗೆ ಕಟ್ಟಿದರು, ನೆರೆ ಬಂದಾಗ ಯಾರ ಮನೆಯಲ್ಲಿ ಯಾರು ಆಶ್ರಯ ಪಡೆದರು. ಅವುಗಳಲ್ಲಿ ಒಳ್ಳೆಯವು ಈ ವಾರ್ಷಿಕ ಸಂಚಿಕೆಯಲ್ಲಿ ಬರಲಿ. ಗಣ್ಯರ ಸಂದೇಶಗಳಿಗೆ ಎರಡು ಪುಟ ಕಡಿಮೆಯಾದರೆ ಯಾರೂ ಬೇಸರಿಸಲಾರರು. ಮತ್ತು ಊರಿನ ಕನ್ನಡ ಪತ್ರಿಕೆಗೆ ತಿಂಗಳಿಗೆ ಒಂದಾದರೂ ವಾಚಕರ ಪತ್ರ ನಮ್ಮ ಕಾಲೇಜಿನಿಂದ ಹೋಗಲಿ. ಅದು ಬಸ್ಸಿನ ಬಗ್ಗೆ ಇರಲಿ, ನೀರಿನ ಬಗ್ಗೆ ಇರಲಿ, ಎಲ್ಲರಿಗೂ ಸಂಬಂಧಿಸಿದ ವಿಷಯದ ಬಗ್ಗೆ ಇರಲಿ. ನಮ್ಮ ಹೆಸರನ್ನು ಓದುಗರು ಜಗಳದ ಸುದ್ದಿಯಲ್ಲಿ ಮಾತ್ರ ಕಾಣುವಂತಾಗಬಾರದು.

ಪ್ರೀತಿಯ ವಿದ್ಯಾರ್ಥಿಗಳೇ, ನೀವು ನಾಳೆ ದುಬೈಗೆ, ಕೌಲಾಲಂಪುರಕ್ಕೆ, ಇನ್ನೂ ದೂರಕ್ಕೆ ಹೋಗುವಿರಿ. ಹೋದಲ್ಲಿ ಪಕ್ಕದ ಮನೆಯವರ ಭಾಷೆಯಲ್ಲಿ ಹತ್ತು ಪದಗಳನ್ನಾದರೂ ಕಲಿಯಿರಿ, ಅವರ ಪತ್ರಿಕೆಯನ್ನು ತಿರುವಿ ಹಾಕಿ, ಅವರು ಯಾವುದಕ್ಕೆ ನಗುತ್ತಾರೆ ಎಂದು ನೋಡಿ. ಅದರ ಜೊತೆಯಲ್ಲಿ ನಿಮ್ಮ ಉಮ್ಮನ ಮಾತಿನಲ್ಲಿ ದಿನಕ್ಕೊಮ್ಮೆ ಮಾತಾಡಿ, ಕನ್ನಡದಲ್ಲಿ ವಾರಕ್ಕೊಂದು ಪುಟ ಬರೆಯಿರಿ. ನಮ್ಮ ಪ್ರವಾದಿಯವರಿಗೆ (ಸ) ಅವತೀರ್ಣವಾದ ಮೊದಲ ಆದೇಶ ಓದಿನ ಬಗ್ಗೆ. ಅದೇ ಸಂದರ್ಭದಲ್ಲಿ ಲೇಖನಿಯ ಪ್ರಸ್ತಾಪವೂ ಇದೆ. ಓದನ್ನು ನಾವು ಅಲ್ಪಸ್ವಲ್ಪ ಹಿಡಿದುಕೊಂಡೆವು, ಲೇಖನಿಯನ್ನು ಕೆಳಗಿಟ್ಟೆವು. ಅದನ್ನು ಎತ್ತಿಕೊಳ್ಳುವ ಕೆಲಸ ನಿಮ್ಮ ತಲೆಮಾರಿನದು.

ಸತ್ಯವನ್ನು ಓದುವ, ಸತ್ಯವನ್ನೇ ಬರೆಯುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.